ಫ್ರಟರ್ನಿಟಿಗೆ ಸೇರುವುದಾದರೆ ಯಾವಾಗ?

ಅಮೆರಿಕದ ಕಾಲೇಜುಗಳು ಆಗಸ್ಟ್ ಕೊನೆಯ ಹೊತ್ತಿಗೆ ಶುರುವಾಗುತ್ತವೆ. ಅದೇ ದಿನಗಳಲ್ಲಿ ಅಲ್ಲಿನ ಕನ್ನಡ ಕೂಟಗಳು ಗಣೇಶನ ಹಬ್ಬದ ಸಿದ್ಧತೆಯಲ್ಲಿರುತ್ತವೆ. ಮಗನನ್ನು ಹಾಸ್ಟೆಲಿಗೆ ಬಿಟ್ಟು ಬಂದ ತಂದೆತಾಯಂದಿರು ಹಬ್ಬದೂಟಕ್ಕೆ ಕುಳಿತಾಗ ಒಂದು ಪ್ರಶ್ನೆ ಪ್ರತಿ ವರ್ಷವೂ ಏಳುತ್ತದೆ: "ನಮ್ಮ ಹುಡುಗ ಅದೇನೋ ಫ್ರಟರ್ನಿಟಿಗೆ ಸೇರುತ್ತಾನಂತೆ, ಬಿಡಬಹುದೇ?" ಹದಿನೆಂಟು ತುಂಬಿದ ಮಗನನ್ನು ಬಿಡುವುದು, ಬಿಡದಿರುವುದು ನಮ್ಮ ಕೈಯಲ್ಲಿ ಎಷ್ಟಿದೆ ಎಂಬುದು ಬೇರೆ ಮಾತು. ಸೇರಬೇಕೇ ಬೇಡವೇ ಎಂದು ಫೋನಿನಲ್ಲಿ ಜಗಳವಾಡುವುದಕ್ಕಿಂತ "ಯಾವಾಗ ಸೇರುತ್ತೀಯ?" ಎಂದು ಕೇಳುವುದು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಸೇರುವ ಕಾಲವನ್ನು ಮೊದಲು ನಿಗದಿ ಮಾಡಿದವರು ವಿದ್ಯಾರ್ಥಿಗಳಲ್ಲ. ಅದು ಸಂಘದ ಅನುಕೂಲಕ್ಕೆ ತಕ್ಕಂತೆ ರೂಪುಗೊಂಡದ್ದು.

ಮೊದಲು ಇದೇನೆಂದು ನೋಡೋಣ. ಫ್ರಟರ್ನಿಟಿ ಎಂದರೆ ಪದವಿ ವಿದ್ಯಾರ್ಥಿಗಳ ಖಾಸಗಿ ಸಂಘ. ಸಾಮಾನ್ಯವಾಗಿ ಗ್ರೀಕ್ ವರ್ಣಮಾಲೆಯ ಎರಡು ಮೂರು ಅಕ್ಷರಗಳೇ ಅದರ ಹೆಸರು. ಹುಡುಗಿಯರ ಸಂಘಕ್ಕೆ ಸೊರೊರಿಟಿ ಎನ್ನುತ್ತಾರೆ. ಒಂದೇ ಹೆಸರಿನ ಸಂಘಕ್ಕೆ ಹಲವು ಕಾಲೇಜುಗಳಲ್ಲಿ ಶಾಖೆಗಳಿರುತ್ತವೆ. ಆ ಶಾಖೆಗೆ ಚಾಪ್ಟರ್ ಎಂದು ಹೆಸರು. ದೊಡ್ಡ ಚಾಪ್ಟರುಗಳಿಗೆ ಕಾಲೇಜಿನ ಬಳಿ ಸ್ವಂತದ್ದೋ ಬಾಡಿಗೆಯದೋ ಮನೆ ಇರುತ್ತದೆ. ಸದಸ್ಯರಲ್ಲಿ ಒಂದಷ್ಟು ಜನ ಅಲ್ಲೇ ವಾಸಿಸುತ್ತಾರೆ. 1776ರಲ್ಲಿ ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಈ ಗ್ರೀಕ್ ಹೆಸರಿನ ಸಂಘಗಳಲ್ಲಿ ಮೊದಲನೆಯದು. ಅದು ಮುಂದೆ ಪ್ರತಿಭಾವಂತರನ್ನು ಗೌರವಿಸುವ ಸಂಸ್ಥೆಯಾಯಿತು. ಇವತ್ತು ನಾವು ಫ್ರಟರ್ನಿಟಿ ಎನ್ನುವ ಬಗೆಯ ಸಂಘ ಬೆಳೆದದ್ದು 1825ರಿಂದ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ.

ನಮ್ಮ ಓದುಗರಿಗೆ ಹತ್ತಿರದ ಹೋಲಿಕೆ ಬೇಕಿದ್ದರೆ ಬೆಂಗಳೂರು, ಮೈಸೂರು, ಧಾರವಾಡಗಳ ಸಮುದಾಯ ವಿದ್ಯಾರ್ಥಿನಿಲಯಗಳನ್ನು ನೆನೆಯಬಹುದು. ಅಲ್ಲಿ ಒಟ್ಟಿಗೆ ಉಂಡು ಮಲಗಿದವರು ನಲವತ್ತು ವರ್ಷದ ನಂತರವೂ ಒಬ್ಬರಿಗೊಬ್ಬರು ಫೋನ್ ಮಾಡಿ ಕೆಲಸ ಮಾಡಿಸಿಕೊಡುತ್ತಾರೆ. ಫ್ರಟರ್ನಿಟಿಯ ಆಕರ್ಷಣೆಯೂ ಅದೇ. ಒಂದು ದೊಡ್ಡ ವ್ಯತ್ಯಾಸವಿದೆ: ಇಲ್ಲಿ ಒಳಗಿರುವ ಹುಡುಗರೇ ಹೊಸಬರನ್ನು ಆರಿಸುತ್ತಾರೆ. ಆರಿಸಿದ ಮೇಲೆ ಕೆಲವು ಕಾಲ ಪರೀಕ್ಷಿಸುತ್ತಾರೆ.

ಆ ಆಯ್ಕೆಗೆ ಹಂತಗಳಿವೆ. ಮೊದಲನೆಯದು ರಷ್. ಕೆಲವು ದಿನ, ಕೆಲವೆಡೆ ಒಂದೆರಡು ವಾರ, ಸಂಘಗಳು ತಮ್ಮ ಬಾಗಿಲು ತೆರೆದಿಡುತ್ತವೆ. ಹುಡುಗರು ಮನೆಯಿಂದ ಮನೆಗೆ ಹೋಗಿ ಮಾತಾಡುತ್ತಾರೆ, ತಿನ್ನುತ್ತಾರೆ, ಆಡುತ್ತಾರೆ. ಮೆಚ್ಚಿಗೆಯಾದವರಿಗೆ ಬಿಡ್ ಎಂಬ ಆಹ್ವಾನ ಸಿಗುತ್ತದೆ. ಅದಕ್ಕೆ ಒಪ್ಪಿದವನು ಪ್ಲೆಜ್ ಆಗುತ್ತಾನೆ. ಈಚೆಗೆ ಆ ಹೆಸರಿಗೆ ಕಳಂಕ ಹತ್ತಿದ್ದರಿಂದ "ಹೊಸ ಸದಸ್ಯ" ಎನ್ನುವವರೇ ಹೆಚ್ಚು. ಹಲವು ವಾರಗಳ ಈ ಅವಧಿಯಲ್ಲಿ ಸಂಘದ ಇತಿಹಾಸ ಕಲಿಯಬೇಕು, ಸಭೆಗಳಿಗೆ ಹೋಗಬೇಕು, ಹಿರಿಯರು ಹೇಳಿದ ಕೆಲಸ ಮಾಡಬೇಕು. ಕೊನೆಗೆ ಗುಟ್ಟಾಗಿ ನಡೆಯುವ ದೀಕ್ಷಾವಿಧಿ. ಅಲ್ಲಿಂದ ಮುಂದೆ ಅವನು ಆಜೀವ ಸದಸ್ಯ.

ಹುಡುಗಿಯರ ಕಡೆ ನಿಯಮ ಇನ್ನೂ ಬಿಗಿ. ರಾಷ್ಟ್ರಮಟ್ಟದ ಸೊರೊರಿಟಿಗಳ ಒಕ್ಕೂಟಕ್ಕೆ ಸೇರಿದ ಸಂಘಗಳಲ್ಲಿ, ಔಪಚಾರಿಕ ಆಯ್ಕೆಯ ಕೊನೆಗೆ ಒಪ್ಪಂದಕ್ಕೆ ಸಹಿ ಹಾಕಿ, ಬಂದ ಬಿಡ್ ಅನ್ನು ತಿರಸ್ಕರಿಸಿದರೆ ಆ ಕ್ಯಾಂಪಸ್ಸಿನಲ್ಲಿ ಒಕ್ಕೂಟದ ಬೇರೆ ಸೊರೊರಿಟಿಗೆ ಸೇರಲು ಮುಂದಿನ ಔಪಚಾರಿಕ ಆಯ್ಕೆಯ ತನಕ ಕಾಯಬೇಕು. ಹೆಣ್ಣುಮಕ್ಕಳು ಸಹಿ ಮಾಡುವ ಮುನ್ನ ಈ ಒಂದು ಸಾಲನ್ನು ಎರಡು ಸಲ ಓದಬೇಕು.

ಇನ್ನು ಆತುರದ ಮಾತಿಗೆ ಬರೋಣ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಸೊರೊರಿಟಿಗಳ ರಷ್ ಆಗಸ್ಟ್‌ನಲ್ಲಿ ನಡೆಯುತ್ತದೆ. 2021ರಲ್ಲಿ ಅದರ ವಿಡಿಯೋಗಳು ಟಿಕ್‌ಟಾಕ್‌ನಲ್ಲಿ ಹಬ್ಬಿ ಜಗತ್ತೇ ನೋಡಿತು. ಕಾಲೇಜಿನ ಗ್ರಂಥಾಲಯ ಎಲ್ಲಿದೆ ಎಂದು ತಿಳಿಯುವ ಮೊದಲೇ ಹುಡುಗಿ ನಾಲ್ಕು ವರ್ಷದ ಗೆಳತಿಯರನ್ನು ಆರಿಸಿಕೊಂಡಿರುತ್ತಾಳೆ. ಯಾಕಿಷ್ಟು ಅವಸರ? ಉತ್ತರವನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಹುಡುಕಬೇಕು. ಮೂವತ್ತು ನಲವತ್ತು ಜನ ವಾಸಿಸುವ ಮನೆಗೆ ಬಾಡಿಗೆಯೋ ಸಾಲದ ಕಂತೋ ಇರುತ್ತದೆ. ಅಡುಗೆಯವರ ಸಂಬಳ, ರಿಪೇರಿ, ವಿಮೆ, ರಾಷ್ಟ್ರೀಯ ಕಚೇರಿಗೆ ಕಟ್ಟಬೇಕಾದ ಪಾಲು ಇರುತ್ತದೆ. ಇದೆಲ್ಲ ನಡೆಯುವುದು ಸದಸ್ಯರು ಕಟ್ಟುವ ಶುಲ್ಕದಿಂದ. ಅದನ್ನು ಅಲ್ಲಿ ಡ್ಯೂಸ್ ಎನ್ನುತ್ತಾರೆ. ಪ್ರತಿ ಮೇ ತಿಂಗಳಲ್ಲಿ ಕೊನೆಯ ವರ್ಷದವರು ಪದವಿ ಪಡೆದು ಹೊರಡುತ್ತಾರೆ. ಅವರ ಜಾಗ ತುಂಬದಿದ್ದರೆ ಉಳಿದವರ ತಲೆಯ ಮೇಲೆ ಹೊರೆ ಬೀಳುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಸೇರಿದ ಹುಡುಗ ಎಂಟು ಸೆಮಿಸ್ಟರ್ ಶುಲ್ಕ ಕಟ್ಟುತ್ತಾನೆ, ಎರಡನೆಯ ವರ್ಷದಲ್ಲಿ ಸೇರಿದವನು ಆರು. ಇಷ್ಟು ತಿಳಿದರೆ, ಬಿಡ್ ಕೊಟ್ಟವರು "ನಾಳೆಯೊಳಗೆ ಹೇಳು" ಎನ್ನುವುದರ ಹಿಂದಿನ ಪ್ರೀತಿಯಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಲೆಕ್ಕ ಎಂದು ಅಂದಾಜಿಸಬಹುದು. ಆ ಹುಡುಗರು ಕೆಟ್ಟವರೆಂದು ಇದರ ಅರ್ಥವಲ್ಲ. ಹತ್ತೊಂಬತ್ತು ಇಪ್ಪತ್ತರ ಹುಡುಗರು ಒಂದು ವಸತಿಗೃಹವನ್ನೇ ನಡೆಸಬೇಕಾದಾಗ ಹೀಗಾಗುತ್ತದೆ.

ಕಾಲೇಜುಗಳಿಗೆ ಇದು ಗೊತ್ತಿಲ್ಲದೆ ಇಲ್ಲ. ಡಾರ್ಟ್‌ಮತ್ ಕಾಲೇಜಿನಲ್ಲಿ ಎರಡನೆಯ ವರ್ಷಕ್ಕೆ ಬರುವ ತನಕ ಸೇರುವಂತಿಲ್ಲ. ಕಾರ್ನೆಲ್‌ನಲ್ಲಿ ಹೊಸಬರು ಮೊದಲ ಸೆಮಿಸ್ಟರ್ ಮುಗಿಸಿದ ಮೇಲಷ್ಟೇ ಸೇರಬಹುದು. ಹೀಗೆ ಮುಂದೂಡುವ ಪದ್ಧತಿಗೆ ಫ್ರಟರ್ನಿಟಿಗಳು ಸುಮ್ಮನೆ ತಲೆಬಾಗಲಿಲ್ಲ. ಕೊಲೊರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್ಸಿನಲ್ಲಿ 2004ರ ಸೆಪ್ಟೆಂಬರಿನಲ್ಲಿ, ಕಾಲೇಜಿಗೆ ಬಂದು ಕೆಲವೇ ವಾರಗಳಾಗಿದ್ದ ಹದಿನೆಂಟರ ಹುಡುಗನೊಬ್ಬ ಫ್ರಟರ್ನಿಟಿಯ ದೀಕ್ಷೆಯ ನೆಪದಲ್ಲಿ ಕುಡಿಸಿದ ಮದ್ಯಕ್ಕೆ ಬಲಿಯಾದ. ವಿಶ್ವವಿದ್ಯಾಲಯವು ರಷ್ ಅನ್ನು ಮುಂದೂಡಿ, ಪ್ರತಿ ಮನೆಯಲ್ಲೂ ಒಬ್ಬ ವಯಸ್ಕ ಮೇಲ್ವಿಚಾರಕ ಇರಬೇಕೆಂದು ಕೇಳಿತು. 2005ರಲ್ಲಿ ಫ್ರಟರ್ನಿಟಿಗಳು ಆ ಒಪ್ಪಂದಕ್ಕೆ ಸಹಿ ಹಾಕಲು ನಿರಾಕರಿಸಿ ವಿಶ್ವವಿದ್ಯಾಲಯದ ಮಾನ್ಯತೆಯನ್ನೇ ಬಿಟ್ಟು ಹೊರನಡೆದವು. ಡ್ಯೂಕ್ ವಿಶ್ವವಿದ್ಯಾಲಯವು ಸೇರ್ಪಡೆಯನ್ನು ಎರಡನೆಯ ವರ್ಷಕ್ಕೆ ತಳ್ಳಲು ಹೊರಟಾಗ, 2021ರಲ್ಲಿ, ಅಲ್ಲಿಯೂ ಹಲವು ಫ್ರಟರ್ನಿಟಿಗಳು ಹೊರಹೋಗಿ ತಮ್ಮದೇ ಒಕ್ಕೂಟ ಕಟ್ಟಿಕೊಂಡವು. ಕೆಲವು ತಿಂಗಳು ಕಾಯುವ ವಿಷಯಕ್ಕೆ ವಿಶ್ವವಿದ್ಯಾಲಯದ ನಂಟನ್ನೇ ಕಡಿದುಕೊಂಡರೆಂದರೆ ಆ ತಿಂಗಳುಗಳ ಬೆಲೆ ಯಾರಿಗೆ ಎಷ್ಟೆಂದು ಊಹಿಸಬಹುದು.

ವಿದ್ಯಾರ್ಥಿಯ ಕಡೆಯಿಂದ ಲೆಕ್ಕ ಹಾಕಿದರೆ ಮೊದಲು ಬರುವುದು ಅಂಕ. ಭಾರತದ ಪಿಯುಸಿಯಂತೆ ಕೊನೆಗೊಂದು ದೊಡ್ಡ ಪರೀಕ್ಷೆ ಬರೆದು ಸುಧಾರಿಸಿಕೊಳ್ಳುವ ದಾರಿ ಅಲ್ಲಿಲ್ಲ. ಪ್ರತಿ ಸೆಮಿಸ್ಟರಿನ ಅಂಕವೂ 4ಕ್ಕೆ ಇಷ್ಟು ಎಂಬ ಸರಾಸರಿಗೆ, ಅಂದರೆ ಜಿಪಿಎಗೆ, ಸೇರುತ್ತಾ ಹೋಗುತ್ತದೆ. ಪ್ರತಿ ವಿಷಯದ ಓದಿನ ಭಾರವನ್ನು ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ. ಒಟ್ಟು 120 ಕ್ರೆಡಿಟ್‌ಗಳ ಪದವಿಯಲ್ಲಿ ಮೊದಲ 15 ಕ್ರೆಡಿಟ್‌ಗಳಿಗೆ 3.0 ಬಂತೆನ್ನಿ. ಕೊನೆಗೆ 3.7 ಮುಟ್ಟಬೇಕಿದ್ದರೆ ಉಳಿದ 105 ಕ್ರೆಡಿಟ್‌ಗಳುದ್ದಕ್ಕೂ 3.8 ತೆಗೆಯುತ್ತಲೇ ಇರಬೇಕು. ವೈದ್ಯಕೀಯ ಓದುವ ಕನಸಿನವರಿಗೆ ಇದು ಸಣ್ಣ ಮಾತಲ್ಲ. ಮೊದಲ ಸೆಮಿಸ್ಟರಿನಲ್ಲೇ ಅವರಿಗೆ ರಸಾಯನಶಾಸ್ತ್ರವೂ ಜೀವಶಾಸ್ತ್ರವೂ ಎದುರಾಗುತ್ತವೆ, ಪ್ಲೆಜ್ ಅವಧಿಯ ರಾತ್ರಿ ಸಭೆಗಳೂ ಆಗಲೇ ಬೀಳುತ್ತವೆ.

ಇದರ ಬಗ್ಗೆ ಅರ್ಥಶಾಸ್ತ್ರಜ್ಞರು ಮಾಡಿದ ಎರಡು ಅಧ್ಯಯನಗಳು ಕುತೂಹಲಕರ. ಮೊದಲನೆಯದು, ಫ್ರಟರ್ನಿಟಿಗಳ ತವರಾದ ಯೂನಿಯನ್ ಕಾಲೇಜಿನ ಸಂಶೋಧಕರದೇ, 2018ರದು. ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಮಾಹಿತಿ ಇಟ್ಟುಕೊಂಡು, ಫ್ರಟರ್ನಿಟಿ ಸೇರಿದ್ದರಿಂದ ಜಿಪಿಎ ಸುಮಾರು 0.25 ಇಳಿಯುತ್ತದೆ, ಆದರೆ ಮುಂದಿನ ಆದಾಯ ಸುಮಾರು 36 ಶೇಕಡಾ ಏರುತ್ತದೆ ಎಂದು ಅವರು ಅಂದಾಜಿಸಿದರು. ಫ್ರಟರ್ನಿಟಿಯ ಹುಡುಗರಿಗೆ ಬಹಳ ಇಷ್ಟವಾದ ಸಂಖ್ಯೆ ಇದು. ಎರಡನೆಯದು ಒಹಾಯೊದ ಮಯಾಮಿ ವಿಶ್ವವಿದ್ಯಾಲಯದ ವಿಲಿಯಂ ಈವನ್ ಮತ್ತು ಆಸ್ಟಿನ್ ಸ್ಮಿತ್ ಅವರದು. ಅವರ ವಿಧಾನ ಜಾಣತನದ್ದು. ಅವರು ನೋಡಿದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೇರಲು ಕನಿಷ್ಠ ಜಿಪಿಎಯ ಗೆರೆಯೊಂದಿತ್ತು. ಗೆರೆಗಿಂತ ಕೂದಲೆಳೆ ಮೇಲಿದ್ದವರಿಗೂ ಕೂದಲೆಳೆ ಕೆಳಗಿದ್ದವರಿಗೂ ಬುದ್ಧಿಯಲ್ಲಿ, ಹಿನ್ನೆಲೆಯಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಒಬ್ಬರು ಸೇರಬಹುದು, ಇನ್ನೊಬ್ಬರು ಸೇರಲಾಗದು, ಅಷ್ಟೆ. ಹಾಗಾಗಿ ಮುಂದೆ ಕಾಣುವ ಅಂತರ ಸಂಘದಿಂದಲೇ ಬಂದದ್ದೆಂದು ಹೇಳಬಹುದು. ಸೇರಿದವರ ಅಂಕ ಇಳಿಯಿತು. ಆದಾಯ ಏರಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ಎರಡೂ ಅಧ್ಯಯನಗಳು ಒಪ್ಪುವುದು ಅಂಕದ ವಿಷಯದಲ್ಲಿ. ಹಣದ ವಿಷಯದಲ್ಲಿ ನನಗೆ ಎರಡನೆಯದರ ಮೇಲೆ ಹೆಚ್ಚು ನಂಬಿಕೆ. ಶ್ರೀಮಂತ ಅಪ್ಪಂದಿರ ಮಕ್ಕಳೇ ಹೆಚ್ಚಾಗಿ ಸೇರುವ ಕಡೆ, ಸಂಘ ಮಾಡಿಕೊಟ್ಟದ್ದನ್ನೂ ಅಪ್ಪ ಮಾಡಿಕೊಟ್ಟದ್ದನ್ನೂ ಬೇರ್ಪಡಿಸುವುದು ಕಷ್ಟ.

ಕರ್ನಾಟಕದಿಂದ ನೇರವಾಗಿ ಪದವಿ ಓದಲು ಹೋಗುವ ಮಕ್ಕಳಿಗೆ ಇನ್ನೊಂದು ಕಟ್ಟುಪಾಡಿದೆ. ಎಫ್-1 ವೀಸಾದಲ್ಲಿ ಇರುವ ಪದವಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದಲೇಬೇಕು. ಅಮೆರಿಕದ ಹುಡುಗ ಹೊರೆ ಹೆಚ್ಚಾಯಿತೆಂದು ಒಂದು ವಿಷಯ ಕೈಬಿಟ್ಟರೆ ಅವನಿಗೆ ಆಗುವ ನಷ್ಟ ಹೆಚ್ಚಾಗಿ ಹಣದ್ದು; ನಮ್ಮ ಹುಡುಗ ಅನುಮತಿಯಿಲ್ಲದೆ ಬಿಟ್ಟು 12ಕ್ಕಿಂತ ಕೆಳಗಿಳಿದರೆ ವೀಸಾ ಸ್ಥಿತಿಯೇ ಕೆಡುತ್ತದೆ. ಅಲ್ಲಿ ಮದ್ಯಕ್ಕೆ ಕಾನೂನಿನ ವಯಸ್ಸು 21 ಎಂಬುದನ್ನೂ ನೆನಪಿಡಬೇಕು. ಮೊದಲ ವರ್ಷದ ಹುಡುಗನಿಗೆ ಹದಿನೆಂಟು. ಪೊಲೀಸರು ಬಂದ ಪಾರ್ಟಿಯಲ್ಲಿ ಅವನು ಸಿಕ್ಕಿಬಿದ್ದರೆ ಪಕ್ಕದಲ್ಲಿದ್ದ ಅಮೆರಿಕದ ಪ್ರಜೆಗಿಂತ ಅವನಿಗೆ ತೊಂದರೆ ಹೆಚ್ಚು. ಎಂ.ಎಸ್. ಓದಲು ಹೋದವರ ತಂದೆತಾಯಂದಿರು ಮಾತ್ರ ಈ ಚಿಂತೆಯನ್ನು ಬಿಡಬಹುದು. ಫ್ರಟರ್ನಿಟಿಗಳ ಲೋಕ ಬಹುಮಟ್ಟಿಗೆ ಪದವಿ ವಿದ್ಯಾರ್ಥಿಗಳದು.

ಎಲ್ಲರೂ ಹೆದರುವುದು ಹೇಜಿಂಗ್‌ಗೆ, ಅಂದರೆ ಸೇರಿಸಿಕೊಳ್ಳುವ ನೆಪದಲ್ಲಿ ಹೊಸಬರಿಗೆ ಕೊಡುವ ಹಿಂಸೆಗೆ. ನಮ್ಮಲ್ಲಿ 2009ರಲ್ಲಿ ಯುಜಿಸಿ ನಿಯಮ ತಂದು ತಡೆಯಲು ಹೊರಟ ರ‍್ಯಾಗಿಂಗ್‌ಗೂ ಇದಕ್ಕೂ ಹೋಲಿಕೆ ಇದೆ, ಆದರೆ ಒಂದು ಸೂಕ್ಷ್ಮ ಬೇರೆ. ರ‍್ಯಾಗಿಂಗ್‌ಗೆ ಸಿಕ್ಕವನು ತಪ್ಪಿಸಿಕೊಳ್ಳಲು ನೋಡುತ್ತಾನೆ. ಹೇಜಿಂಗ್‌ಗೆ ಸಿಕ್ಕವನು ತಾನಾಗಿ ಹೋಗಿರುತ್ತಾನೆ, ಒಳಗೆ ಸೇರುವ ಆಸೆಗೆ ಸಹಿಸಿಕೊಳ್ಳುತ್ತಾನೆ. ಆದ್ದರಿಂದಲೇ ದೂರು ಬರುವುದು ತಡ. 2017ರ ಸೆಪ್ಟೆಂಬರಿನಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸ್ ಗ್ರೂವರ್ ಎಂಬ ಹದಿನೆಂಟರ ಹುಡುಗ ಸತ್ತಾಗ ಅವನು ಕಾಲೇಜು ಸೇರಿ ತಿಂಗಳೂ ಸರಿಯಾಗಿ ತುಂಬಿರಲಿಲ್ಲ. ಫ್ರಟರ್ನಿಟಿಯ ಬಗ್ಗೆ ಪ್ರಶ್ನೆ ಕೇಳಿ, ತಪ್ಪು ಉತ್ತರ ಹೇಳಿದವರಿಗೆ ಮದ್ಯ ಕುಡಿಸುವ "ಆಟ" ಅದು. ಮರುವರ್ಷ ಆ ರಾಜ್ಯ ಅವನ ಹೆಸರಿನಲ್ಲೇ ಕಠಿಣ ಕಾನೂನು ಮಾಡಿತು.

ಮೊದಲ ವಾರಗಳಲ್ಲಿ ಅಪಾಯ ಹೆಚ್ಚೆನ್ನಲು ಕಾರಣ ಸರಳ. ಹೊಸ ಊರಿನಲ್ಲಿ ಹುಡುಗನಿಗೆ ಬೇರೆ ಗೆಳೆಯರಿರುವುದಿಲ್ಲ. "ನಾನು ಹೊರಟೆ" ಎಂದು ಎದ್ದು ಬರಲು ಹೋಗುವುದಕ್ಕೊಂದು ಜಾಗ ಬೇಕು. ಕೋಣೆಯ ಜೊತೆಗಾರನೋ, ಪ್ರಯೋಗಾಲಯದ ಗೆಳತಿಯೋ, ಕ್ರಿಕೆಟ್ ಆಡುವ ಗುಂಪೋ ಇರಬೇಕು. ಅವು ಹುಟ್ಟುವುದಕ್ಕೆ ಒಂದು ಸೆಮಿಸ್ಟರ್ ಹಿಡಿಯುತ್ತದೆ. ಕಾಯಿರಿ ಎಂದು ನಾನು ಹೇಳುವುದಕ್ಕೆ ಅಂಕಕ್ಕಿಂತಲೂ ದೊಡ್ಡ ಕಾರಣ ಇದು.

ಆದರೆ ಕಾದರೆ ಸಾಕು ಎಂದೂ ಹೇಳಲಾರೆ. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಮನೆಯಲ್ಲಿ, ಬಿಡ್ ಒಪ್ಪಿಕೊಂಡ ರಾತ್ರಿಯೇ ಕುಡಿಸಿದ್ದರಿಂದ ಮೆಟ್ಟಿಲಿನಿಂದ ಬಿದ್ದು ಸತ್ತ ತಿಮೊಥಿ ಪಿಯಾಜಾ ಎರಡನೆಯ ವರ್ಷದ ವಿದ್ಯಾರ್ಥಿ. ಬಿದ್ದ ಸುಮಾರು ಹನ್ನೆರಡು ಗಂಟೆಗಳ ತನಕ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. 2021ರಲ್ಲಿ ಒಹಾಯೊದ ಬೋಲಿಂಗ್ ಗ್ರೀನ್‌ನಲ್ಲಿ ಸತ್ತವನೂ ಎರಡನೆಯ ವರ್ಷದವನೇ. ಕಾಯುವುದರ ಬೆಲೆ ಇರುವುದು ಕಾದ ಕಾಲವನ್ನು ಹೇಗೆ ಬಳಸಿದೆವು ಎಂಬುದರಲ್ಲಿ. ಯಾವ ಮನೆಯ ಹುಡುಗರು ತರಗತಿಗೆ ಬರುತ್ತಾರೆ, ಯಾವ ಮನೆಯ ಮುಂದೆ ಶುಕ್ರವಾರ ರಾತ್ರಿ ಆಂಬುಲೆನ್ಸ್ ನಿಲ್ಲುತ್ತದೆ, ಕಳೆದ ವರ್ಷ ಪ್ಲೆಜ್ ಆಗಿ ನಡುವೆ ಬಿಟ್ಟುಬಂದವನು ಏನು ಹೇಳುತ್ತಾನೆ, ಇವು ಒಂದು ಸೆಮಿಸ್ಟರಿನಲ್ಲಿ ಕಿವಿಗೆ ಬೀಳುವ ಸಂಗತಿಗಳು. ಬಿಟ್ಟುಬಂದವನನ್ನು ಹುಡುಕಿ ಮಾತಾಡಿಸುವುದಂತೂ ಹತ್ತು ರಷ್ ಪಾರ್ಟಿಗಳಿಗೆ ಸಮ.

ಇದಕ್ಕೀಗ ಕಾನೂನಿನ ನೆರವೂ ಇದೆ. 2024ರ ಡಿಸೆಂಬರಿನಲ್ಲಿ ಜೋ ಬೈಡನ್ ಸಹಿ ಹಾಕಿದ ಕೇಂದ್ರ ಕಾನೂನಿನ ಪ್ರಕಾರ ಕಾಲೇಜುಗಳು ಹೇಜಿಂಗ್ ಪ್ರಕರಣಗಳ ಅಂಕಿಅಂಶ ಕೊಡಬೇಕು. ಜೊತೆಗೆ, ಹೇಜಿಂಗ್ ಮಾಡಿದ್ದು ಸಾಬೀತಾದ ಸಂಘದ ಹೆಸರು, ನಡೆದದ್ದರ ವಿವರ, ಕೊಟ್ಟ ಶಿಕ್ಷೆ, ಎಲ್ಲವನ್ನೂ ತಮ್ಮ ಜಾಲತಾಣದಲ್ಲಿ ಹಾಕಿ ವರ್ಷಕ್ಕೆ ಕನಿಷ್ಠ ಎರಡು ಬಾರಿ ಪರಿಷ್ಕರಿಸಬೇಕು. ಬಿಡ್ ಬಂದ ಸಂಘದ ಹೆಸರನ್ನು ಅಲ್ಲಿ ಹುಡುಕಲು ಐದು ನಿಮಿಷ ಸಾಕು. ಬೋಲ್ಡರ್‌ನಂತೆ ಹೊರನಡೆದು ಮಾನ್ಯತೆ ಕಳೆದುಕೊಂಡ ಸಂಘಗಳ ಮಾಹಿತಿ ಇಂಥ ಪಟ್ಟಿಯಲ್ಲಿ ಸಿಗದೇ ಹೋಗಬಹುದು. ಮಾನ್ಯತೆ ಇಲ್ಲದ ಸಂಘಕ್ಕೆ ಸೇರಬೇಡ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಹೊಸ ಸದಸ್ಯರ ಅವಧಿಯನ್ನೇ ಕಿತ್ತುಹಾಕಿದವರೂ ಇದ್ದಾರೆ. 1856ರಲ್ಲಿ ಅಲಬಾಮಾದಲ್ಲಿ ಹುಟ್ಟಿದ ಸಿಗ್ಮಾ ಆಲ್ಫಾ ಎಪ್ಸಿಲಾನ್, ಸಾವುಗಳ ಸುದ್ದಿಯಿಂದ ಹೆಸರು ಕೆಟ್ಟ ಮೇಲೆ, 2014ರಲ್ಲಿ ಪ್ಲೆಜ್ ಪದ್ಧತಿಯನ್ನು ರದ್ದು ಮಾಡಿ, ಬಿಡ್ ಒಪ್ಪಿದ 96 ಗಂಟೆಗಳೊಳಗೆ ದೀಕ್ಷೆ ಕೊಡಬೇಕೆಂದು ನಿಯಮ ಮಾಡಿತು.

ಹಾಗಾದರೆ ಎಷ್ಟು ಕಾಯಬೇಕು? ಮೊದಲ ವರ್ಷದ ಎರಡನೆಯ ಸೆಮಿಸ್ಟರ್, ಅಂದರೆ ಜನವರಿ, ನನ್ನ ಮಟ್ಟಿಗೆ ಅತಿ ಬೇಗನೆಯ ಕಾಲ. ಎರಡನೆಯ ವರ್ಷದ ಆರಂಭ ಅದಕ್ಕಿಂತ ಒಳ್ಳೆಯದು. ಅಷ್ಟರಲ್ಲಿ ಎರಡು ಸೆಮಿಸ್ಟರಿನ ಅಂಕ ಕೈಯಲ್ಲಿರುತ್ತದೆ, ಯಾವ ವಿಷಯದಲ್ಲಿ ಪದವಿ ಎಂಬುದೂ ಬಹುಶಃ ತೀರ್ಮಾನವಾಗಿರುತ್ತದೆ. ಆದರೆ ಇದಕ್ಕೂ ಬೆಲೆ ಇದೆ. ಕೆಲವು ಮನೆಗಳು ಮೊದಲ ವರ್ಷದವರನ್ನೇ ಬಯಸುತ್ತವೆ. ಜೊತೆಯ ಹೊಸ ಸದಸ್ಯರೆಲ್ಲ ಒಂದು ವರ್ಷ ಚಿಕ್ಕವರಿರುತ್ತಾರೆ. ಮೂರನೆಯ ವರ್ಷದಲ್ಲಿ ಸೇರುವವನಿಗೆ ಬೇಸಿಗೆ ಇಂಟರ್ನ್‌ಶಿಪ್ಪಿನ ಹುಡುಕಾಟವೂ ಅದೇ ಹೊತ್ತಿಗೆ ಎದುರಾಗುತ್ತದೆ. ಹಳೆಯ ಸದಸ್ಯರ ಪರಿಚಯದಿಂದ ಸಿಗಬಹುದಾದ ಸಹಾಯ ಅವನಿಗೆ ತಲುಪಲು ಸಮಯವೇ ಉಳಿಯುವುದಿಲ್ಲ. ಐದು ಸಾವಿರ ವಿದ್ಯಾರ್ಥಿಗಳ ಸಣ್ಣ ಊರಿನ ಕಾಲೇಜಿನಲ್ಲಿ ಸಂಜೆಯ ಬದುಕೆಲ್ಲ ಈ ಮನೆಗಳಲ್ಲೇ ನಡೆಯುವುದಾದರೆ ಎರಡು ವರ್ಷ ಹೊರಗೆ ನಿಲ್ಲುವುದು ಬೇಸರದ ಕೆಲಸ ಎಂದೂ ಒಪ್ಪಬೇಕು.

ಮನೆ ಬಾಡಿಗೆಯ ಲೆಕ್ಕವನ್ನು ಹೆಚ್ಚಿನವರು ಮರೆಯುತ್ತಾರೆ. ಹಲವು ಕಾಲೇಜು ಊರುಗಳಲ್ಲಿ ಮುಂದಿನ ವರ್ಷದ ಬಾಡಿಗೆ ಕರಾರುಗಳು ಅಕ್ಟೋಬರ್, ನವೆಂಬರಿನಲ್ಲೇ ಶುರುವಾಗುತ್ತವೆ. ಗೆಳೆಯರೊಂದಿಗೆ ಸಹಿ ಹಾಕಿ, ಜನವರಿಯಲ್ಲಿ ಫ್ರಟರ್ನಿಟಿ ಸೇರಿ, ಅಲ್ಲಿ "ಎರಡನೆಯ ವರ್ಷ ಮನೆಯಲ್ಲೇ ವಾಸಿಸಬೇಕು" ಎಂಬ ನಿಯಮ ಇದ್ದರೆ ಎರಡು ಕಡೆ ಬಾಡಿಗೆ ಕಟ್ಟುವ ಗತಿ. ಹಾಗಾಗಿ ಬಿಡ್ ಒಪ್ಪುವ ಮೊದಲು ಬರಹದಲ್ಲಿ ಕೇಳಬೇಕಾದದ್ದು: ಒಂದು ಸೆಮಿಸ್ಟರಿಗೆ ಒಟ್ಟು ಎಷ್ಟು, ಹೊಸ ಸದಸ್ಯನ ಪ್ರತ್ಯೇಕ ಶುಲ್ಕವೆಷ್ಟು, ಸಭೆಗೆ ತಪ್ಪಿದರೆ ದಂಡವಿದೆಯೇ, ಎಷ್ಟು ವರ್ಷ ಮನೆಯಲ್ಲಿ ಇರಬೇಕು. ಇಂಥ ಪ್ರಶ್ನೆಗೆ ಮುಖ ಸಿಂಡರಿಸುವ ಸಂಘವು ತನ್ನ ಬಗ್ಗೆ ಸಾಕಷ್ಟು ಹೇಳಿದಂತೆಯೇ.

ಎಲ್ಲ ಗ್ರೀಕ್ ಅಕ್ಷರಗಳೂ ಒಂದೇ ಬಗೆಯವಲ್ಲ. ದಕ್ಷಿಣ ಏಷ್ಯಾ ಮೂಲದವರು ಕಟ್ಟಿಕೊಂಡ ಸಂಘಗಳು 1990ರ ದಶಕದಲ್ಲಿ ಹುಟ್ಟಿದವು: ಬಿಂಗ್‌ಹ್ಯಾಮ್ಟನ್‌ನಲ್ಲಿ 1994ರಲ್ಲಿ ಅಯೋಟಾ ನು ಡೆಲ್ಟಾ, ಆಸ್ಟಿನ್‌ನಲ್ಲಿ 1998ರಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ಲಾಸ್ ಏಂಜಲೀಸ್‌ನಲ್ಲಿ 1999ರಲ್ಲಿ ಬೀಟಾ ಕೈ ಥೀಟಾ. ಕನ್ನಡ ಮನೆಗಳ ಮಕ್ಕಳಿಗೆ ಬಿಡ್ ಬರುವುದು ಹೆಚ್ಚಾಗಿ ಇಂಥವುಗಳಿಂದಲೇ ಇರಬಹುದು. ಇವುಗಳ ಚಾಪ್ಟರುಗಳು ಚಿಕ್ಕವು, ದೊಡ್ಡ ಮನೆಯ ಭಾರವಿಲ್ಲ, ಹಾಗಾಗಿ ಮೊದಲ ವರ್ಷದವರನ್ನೇ ಹಿಡಿಯಬೇಕೆಂಬ ಒತ್ತಡವೂ ಕಡಿಮೆ. "ನಮ್ಮವರೇ ತಾನೇ" ಎಂದು ನಿಶ್ಚಿಂತರಾಗುವುದು ಮಾತ್ರ ಬೇಡ. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಮೊದಲ ವರ್ಷದ ಹುಡುಗನೊಬ್ಬ ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಗಳಲ್ಲಿ ಹೇಜಿಂಗ್‌ಗೆ ಬಲಿಯಾದದ್ದು ಏಷ್ಯನ್ ಅಮೆರಿಕನ್ನರ ಫ್ರಟರ್ನಿಟಿಯಲ್ಲಿಯೇ. ಆ ಸಂಘಕ್ಕೆ ಪೆನ್ಸಿಲ್ವೇನಿಯಾದಲ್ಲಿ ಹತ್ತು ವರ್ಷ ಕಾಲಿಡದಂತೆ ನ್ಯಾಯಾಲಯ ನಿಷೇಧ ಹೇರಿತು.

ವೃತ್ತಿಪರ ಫ್ರಟರ್ನಿಟಿಗಳದ್ದು ಇನ್ನೊಂದು ದಾರಿ. ವಾಣಿಜ್ಯ ವಿದ್ಯಾರ್ಥಿಗಳಿಗೆ ಆಲ್ಫಾ ಕಪ್ಪಾ ಸೈ, ಎಂಜಿನಿಯರಿಂಗ್‌ನವರಿಗೆ ಥೀಟಾ ಟೌ ಇವೆ. ಎರಡೂ 1904ರಲ್ಲಿ ಹುಟ್ಟಿದವು, ಈಗ ಹುಡುಗ ಹುಡುಗಿಯರಿಬ್ಬರನ್ನೂ ಸೇರಿಸಿಕೊಳ್ಳುತ್ತವೆ. ಉದ್ಯೋಗಕ್ಕೆ ನೆರವಾಗುವುದೇ ಇವುಗಳ ಗುರಿಯಾದ್ದರಿಂದ ಮೂರನೆಯ ವರ್ಷದ ತನಕ ಕಾಯುವುದರಲ್ಲಿ ಅರ್ಥವಿಲ್ಲ, ಎರಡನೆಯ ವರ್ಷ ಸರಿಯಾದ ಕಾಲ.

ಕರಿಯ ಅಮೆರಿಕನ್ನರ ಒಂಬತ್ತು ಸಂಘಗಳಲ್ಲಂತೂ ಕಾಲದ ಪ್ರಶ್ನೆಯೇ ಬೇರೆ ರೂಪ ಪಡೆಯುತ್ತದೆ. ಅವಕ್ಕೆ ಕಾಲೇಜು ಮುಗಿಸಿದವರ ಚಾಪ್ಟರುಗಳೂ ಇವೆ. ಪದವಿ ಪಡೆದು ವರ್ಷಗಳ ನಂತರವೂ ಸೇರಬಹುದು, ಸೇರಿದವರಲ್ಲಿ ಅನೇಕರು ಸಾಯುವ ತನಕ ಸಂಘದ ಕೆಲಸ ಮಾಡುತ್ತಾರೆ. 1906ರಲ್ಲಿ ಕಾರ್ನೆಲ್‌ನಲ್ಲಿ ಹುಟ್ಟಿದ ಆಲ್ಫಾ ಫೈ ಆಲ್ಫಾಗೆ ಮಾರ್ಟಿನ್ ಲೂಥರ್ ಕಿಂಗ್ ಸೇರಿದ್ದು 1952ರಲ್ಲಿ, ಬಾಸ್ಟನ್ನಿನಲ್ಲಿ ಡಾಕ್ಟರೇಟ್ ಓದುವಾಗ. ತಾಯಿಯ ಕಡೆಯಿಂದ ತಮಿಳರಾದ ಕಮಲಾ ಹ್ಯಾರಿಸ್ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೊರೊರಿಟಿ ಸೇರಿದ್ದು 1986ರಲ್ಲಿ. ಅದು ಅವರ ಪದವಿಯ ಕೊನೆಯ ವರ್ಷ.